ಸೈಕ್ಲೋಡೆಕ್ಸ್‌ಟ್ರಿನ್ ತಯಾರಿಸುವ ಬ್ಯಾಕ್ಟೀರಿಯಾ ಕಿಣ್ವ: ಶುದ್ಧೀಕರಣ ಮತ್ತು ಗುಣನಿರ್ಣಯ

ಪಿಷ್ಟದ ಉದ್ದ ಸರಪಳಿಯನ್ನು ಕತ್ತರಿಸಿ, ಕತ್ತರಿಸಿದ ತುಂಡಿನ ಎರಡು ತುದಿಗಳನ್ನು ಬೆಸೆದು ಉಂಗುರ ಮಾಡುವ ಕಿಣ್ವವೊಂದು ಕೆಲವು ಬ್ಯಾಕ್ಟೀರಿಯಾಗಳಲ್ಲಿದೆ. ಅದರ ಪೂರ್ಣ ಹೆಸರು ಸೈಕ್ಲೋಡೆಕ್ಸ್‌ಟ್ರಿನ್ ಗ್ಲುಕನೋಟ್ರಾನ್ಸ್‌ಫರೇಸ್; ಪ್ರಯೋಗಶಾಲೆಯ ಮಾತಿನಲ್ಲಿ ಸಿಜಿಟೇಸ್. ಅಂತರರಾಷ್ಟ್ರೀಯ ಕಿಣ್ವ ಪಟ್ಟಿಯಲ್ಲಿ ಇದರ ಸಂಖ್ಯೆ ಇ.ಸಿ. 2.4.1.19. ಪಿಷ್ಟವನ್ನು ಒಡೆಯುವ ಅಮೈಲೇಸ್‌ಗಳ ಹತ್ತಿರದ ಸಂಬಂಧಿಯಾದರೂ ಇದನ್ನು ಜಲವಿಚ್ಛೇದಕಗಳ ಸಾಲಿನಲ್ಲಿ ಇಡದೆ ವರ್ಗಾವಣೆ ಕಿಣ್ವಗಳ ಸಾಲಿನಲ್ಲಿ ಇಟ್ಟಿದ್ದಾರೆ. ಕತ್ತರಿಸಿದ ಬಂಧವನ್ನು ಅಮೈಲೇಸ್ ನೀರಿಗೆ ಒಪ್ಪಿಸಿಬಿಡುತ್ತದೆ; ಸಿಜಿಟೇಸ್ ಅದನ್ನು ಮತ್ತೊಂದು ಸಕ್ಕರೆಯ ತುದಿಗೆ ಕೊಡುತ್ತದೆ. ಆ ತುದಿ ಅದೇ ಸರಪಳಿಯದ್ದಾದರೆ ಉಂಗುರ ಹುಟ್ಟುತ್ತದೆ.

ಹೀಗೆ ಹುಟ್ಟುವ ಉಂಗುರಗಳೇ ಸೈಕ್ಲೋಡೆಕ್ಸ್‌ಟ್ರಿನ್‌ಗಳು. ಆರು ಗ್ಲೂಕೋಸ್ ಘಟಕಗಳಿದ್ದರೆ ಆಲ್ಫಾ, ಏಳಿದ್ದರೆ ಬೀಟಾ, ಎಂಟಿದ್ದರೆ ಗಾಮಾ. ಆಕಾರ ತಳವಿಲ್ಲದ ಲೋಟದ್ದು. ಹೊರಮೈ ನೀರಿಗೆ ಒಗ್ಗುತ್ತದೆ, ಒಳಗೋಡೆ ನೀರೊಲ್ಲದ ಅಣುಗಳಿಗೆ ಒಗ್ಗುತ್ತದೆ. ನೀರಿನಲ್ಲಿ ಕರಗದ ಔಷಧಿ, ಬೇಗ ಆರಿಹೋಗುವ ಪರಿಮಳ, ಗಾಳಿಗೆ ಕೆಡುವ ಬಣ್ಣ ಇವೆಲ್ಲ ಆ ಪೊಳ್ಳಿನಲ್ಲಿ ಕೂರಬಲ್ಲವು. ಮೂರೂ ಉಂಗುರಗಳ ಎತ್ತರ ಸುಮಾರು 0.79 ನ್ಯಾನೋಮೀಟರ್. ಕರಗುವಿಕೆ ಮಾತ್ರ ತೀರ ಬೇರೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿಲೀಟರ್ ನೀರಿಗೆ ಆಲ್ಫಾ 14.5 ಗ್ರಾಂ, ಗಾಮಾ 23.2 ಗ್ರಾಂ ಕರಗಿದರೆ ಬೀಟಾ 1.85 ಗ್ರಾಂ ಮಾತ್ರ. ಬೀಟಾದ ಅಂಚಿನಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ತಮ್ಮತಮ್ಮಲ್ಲೇ ಬಂಧ ಕಟ್ಟಿಕೊಂಡು ನೀರಿಗೆ ಎಡೆ ಕೊಡದಿರುವುದೇ ಇದಕ್ಕೆ ಕಾರಣ. ಔಷಧ ತಯಾರಕರಿಗೆ ಇದು ತೊಡಕು. ಕಾರ್ಖಾನೆಗೆ ಇದೇ ವರ, ಏಕೆಂದರೆ ದ್ರಾವಣವನ್ನು ತಣಿಸಿದರೆ ಬೀಟಾ ತಾನಾಗಿ ಹರಳುಗಟ್ಟಿ ಬೇರೆಯಾಗುತ್ತದೆ. ಮೂರರಲ್ಲಿ ಬೀಟಾ ಅಗ್ಗವಾಗಿರುವುದಕ್ಕೆ ಮುಖ್ಯ ಕಾರಣ ಈ ಗುಣವೇ.

ಶೋಧದ ಹಾದಿ

ಉಂಗುರ ಮೊದಲು ಸಿಕ್ಕಿತು, ಕಿಣ್ವ ಬಹಳ ತಡವಾಗಿ. 1891ರಲ್ಲಿ ಫ್ರಾನ್ಸಿನ ಎ. ವಿಲಿಯೆ ಬ್ಯಾಕ್ಟೀರಿಯಾ ಬೆಳೆಸಿದ ಪಿಷ್ಟದ ಗಂಜಿಯಿಂದ ಹರಳಿನಂಥ ವಸ್ತುವೊಂದನ್ನು ಪಡೆದ. 1,000 ಗ್ರಾಂ ಪಿಷ್ಟಕ್ಕೆ ಸಿಕ್ಕಿದ್ದು 3 ಗ್ರಾಂ ಮಾತ್ರ. ಆಮ್ಲಕ್ಕೆ ಸುಲಭವಾಗಿ ಜಗ್ಗದ ಈ ವಸ್ತು ಸೆಲ್ಯುಲೋಸಿನ ಹಾಗೆ ಕಂಡದ್ದರಿಂದ ಅದಕ್ಕೆ ಸೆಲ್ಯುಲೋಸಿನ್ ಎಂದು ಹೆಸರಿಟ್ಟ. ವಿಯೆನ್ನಾದ ಫ್ರಾಂಜ್ ಷಾರ್ಡಿಂಗರ್ ಆಹಾರ ಕೆಡಿಸುವ, ಬಿಸಿಗೂ ಸಾಯದ ಸೂಕ್ಷ್ಮಜೀವಿಗಳನ್ನು ಹುಡುಕುತ್ತಿದ್ದಾಗ ಅದೇ ಬಗೆಯ ಹರಳುಗಳು ಅವನಿಗೂ ಸಿಕ್ಕಿದವು. ಈ ಕುರಿತ ಅವನ ಬರಹಗಳು 1903ರಿಂದ 1911ರವರೆಗೆ ಬಂದವು. ಬ್ಯಾಸಿಲಸ್ ಮೆಸರಾನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಹೆಸರಿಸಿದವನು ಅವನೇ. ಇಂದಿನ ಹೆಸರು ಪೇನಿಬ್ಯಾಸಿಲಸ್ ಮೆಸರಾನ್ಸ್. ಅಯೋಡಿನ್ ಹಾಕಿದಾಗ ಒಂದು ಬಗೆಯ ಹರಳು ಒದ್ದೆಯಿದ್ದಾಗ ನೀಲಿಯಾಗಿ, ಒಣಗಿದಾಗ ಬೂದುಹಸಿರಾಗಿ ಕಾಣುವುದನ್ನೂ ಇನ್ನೊಂದು ಕೆಂಗಂದಾಗಿಯೇ ಉಳಿಯುವುದನ್ನೂ ಗಮನಿಸಿ, ಮೊದಲನೆಯದನ್ನು ಆಲ್ಫಾ, ಎರಡನೆಯದನ್ನು ಬೀಟಾ ಎಂದ. ಬಹಳ ಕಾಲ ಇವನ್ನು ಷಾರ್ಡಿಂಗರ್ ಡೆಕ್ಸ್‌ಟ್ರಿನ್‌ಗಳೆಂದೇ ಕರೆಯುತ್ತಿದ್ದರು.

ಅವು ಉಂಗುರಗಳೆಂಬುದನ್ನು 1930ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫ್ರಾಯ್ಡೆನ್‌ಬರ್ಗ್ ಮತ್ತು ಜೊತೆಗಾರರು ತೋರಿಸಿಕೊಟ್ಟರು. ಗಾಮಾ ಪತ್ತೆಯಾದದ್ದೂ ಅದೇ ಗುಂಪಿನಿಂದ, 1940ರ ದಶಕದ ಕೊನೆಗೆ. ಈ ಕೆಲಸಕ್ಕೆ ಜೀವಂತ ಬ್ಯಾಕ್ಟೀರಿಯಾ ಬೇಕೇ ಇಲ್ಲ, ಅದು ಹೊರಗೆ ಬಿಡುವ ಕಿಣ್ವ ಸಾಕು ಎಂದು ಅಮೆರಿಕದ ಎವೆಲಿನ್ ಟಿಲ್ಡೆನ್ ಮತ್ತು ಕ್ಲಾಡ್ ಹಡ್ಸನ್ ತೋರಿಸಿದ್ದು 1939ರಲ್ಲಿ. ಅವರ ಮಾಪನ ಇಂದಿಗೆ ವಿಚಿತ್ರವಾಗಿ ತೋರಬಹುದು. ಕ್ರಿಯಾದ್ರವದ ಒಂದು ಹನಿಯನ್ನು ಅಯೋಡಿನ್ನಿನೊಂದಿಗೆ ಗಾಜಿನ ಮೇಲಿಟ್ಟು, ಯಾವ ಹೊತ್ತಿಗೆ ಯಾವ ಆಕಾರದ ಹರಳು ಮೂಡುತ್ತದೆಂದು ಸೂಕ್ಷ್ಮದರ್ಶಕದಲ್ಲಿ ಕಾದು ನೋಡುವುದು. ಕಣ್ಣಿನ ಅಂದಾಜೇ ಆದರೂ ಅವರು ನೋಡುತ್ತಿದ್ದದ್ದು ಉಂಗುರವನ್ನೇ. ಆಮೇಲಿನ ಅನೇಕ ಅಚ್ಚುಕಟ್ಟಾದ ವಿಧಾನಗಳ ಬಗ್ಗೆ ಈ ಮಾತು ಹೇಳುವಂತಿಲ್ಲ.

ಕಿಣ್ವವನ್ನು ಉದ್ಯಮಕ್ಕೆ ಎಳೆದುತಂದದ್ದು ಜಪಾನ್. ಕ್ಷಾರಪ್ರಿಯ ಬ್ಯಾಕ್ಟೀರಿಯಾಗಳ ಅಧ್ಯಯನಕ್ಕೆ ಹೆಸರಾದ ಕೋಕಿ ಹೋರಿಕೋಷಿ 1970ರ ದಶಕದಲ್ಲಿ ಬ್ಯಾಸಿಲಸ್ 38-2 ಎಂಬ ತಳಿಯಿಂದ ಪಡೆದ ಕಿಣ್ವ ಮೆಸರಾನ್ಸ್‌ನದ್ದಕ್ಕಿಂತ ಗಟ್ಟಿಯಾಗಿತ್ತು. ಮುಖ್ಯವಾಗಿ ಬೀಟಾವನ್ನೇ ಕೊಡುತ್ತಿತ್ತು. 1970ರ ಆಸುಪಾಸಿನಲ್ಲಿ ಕಿಲೋ ಒಂದಕ್ಕೆ ಸುಮಾರು 2,000 ಡಾಲರ್ ಇದ್ದ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ಮುಂದೆ ಕೆಲವೇ ಡಾಲರ್‌ಗಳಿಗೆ ಇಳಿದದ್ದರ ಹಿಂದೆ ಈ ಬಗೆಯ ಕಿಣ್ವಗಳಿವೆ.

ಕಿಣ್ವದ ನೆಲೆ

ಈ ಕಿಣ್ವ ಹೆಚ್ಚಾಗಿ ಬ್ಯಾಸಿಲಸ್ ಮತ್ತು ಪೇನಿಬ್ಯಾಸಿಲಸ್ ಕುಲಗಳಲ್ಲಿ ಸಿಗುತ್ತದೆ. ಕ್ಲೆಬ್ಸಿಯೆಲ್ಲಾದಲ್ಲಿ ಆಲ್ಫಾ ಹೆಚ್ಚು ಕೊಡುವ ಕಿಣ್ವವಿದೆ. ಬಿಸಿಯಲ್ಲಿ ಬಾಳುವ ಥರ್ಮೋಅನೆರೋಬ್ಯಾಕ್ಟರ್ ಜಾತಿಯ ಕಿಣ್ವ 80 ಡಿಗ್ರಿಗೂ ಮೇಲೆ ಕೆಲಸ ಮಾಡುತ್ತದೆ ಮತ್ತು ಟೋರುಝೈಮ್ ಎಂಬ ಹೆಸರಿನಲ್ಲಿ ಮಾರಾಟದಲ್ಲಿದೆ. ಆರ್ಕಿಯಾ ಗುಂಪಿನ ಕೆಲವು ಜೀವಿಗಳಲ್ಲೂ ಇದು ಕಂಡುಬಂದಿದೆ.

ಹೊಸ ತಳಿ ಹುಡುಕುವವರು ಪಿಷ್ಟ, ಪೆಪ್ಟೋನ್, ಯೀಸ್ಟ್ ಸತ್ವಕ್ಕೆ ಸುಮಾರು 1 ಶೇಕಡಾ ಸೋಡಿಯಂ ಕಾರ್ಬೊನೇಟ್ ಸೇರಿಸಿದ ಹೋರಿಕೋಷಿ ಮಾಧ್ಯಮವನ್ನು ಬಳಸುತ್ತಾರೆ. ಕಾರ್ಬೊನೇಟನ್ನು ಬೇರೆಯಾಗಿ ಕ್ರಿಮಿಶುದ್ಧಗೊಳಿಸಿ ಆಮೇಲೆ ಬೆರೆಸಬೇಕು. ಒಟ್ಟಿಗೆ ಕಾಯಿಸಿದರೆ ಮಾಧ್ಯಮ ಕಂದುಗಟ್ಟಿ ಕೆಡುತ್ತದೆ. ಅಗರ್ ತಟ್ಟೆಗೆ ಫಿನಾಲ್ಫ್‌ಥಲೀನ್ ಬೆರೆಸಿದರೆ ಬೀಟಾ ಉತ್ಪಾದಿಸುವ ವಸಾಹತಿನ ಸುತ್ತ ಗುಲಾಬಿ ಮಾಸಿ ತಿಳಿಯಾದ ವರ್ತುಲ ಬೀಳುತ್ತದೆ. ಕ್ಷಾರಪ್ರಿಯ ಜೀವಿಗಳಿಗಾಗಿ ಮಹಾರಾಷ್ಟ್ರದ ಲೋಣಾರ್ ಸರೋವರದಂಥ ಸೋಡಾ ಕೆರೆಗಳಿಗೆ ಹೋಗುವವರಿದ್ದಾರೆ. ಆದರೆ ಅವು ಸಾಮಾನ್ಯ ತೋಟದ ಮಣ್ಣಿನಲ್ಲೂ ಇರುತ್ತವೆ. ಪಿಷ್ಟ ಕೊಳೆಯುವ ಜಾಗವಿದ್ದರೆ, ಅಂದರೆ ಗೆಡ್ಡೆ ಬೆಳೆದ ಹೊಲ ಅಥವಾ ಪಿಷ್ಟ ಕಾರ್ಖಾನೆಯ ಚರಂಡಿಯ ಅಂಚಿದ್ದರೆ, ಇನ್ನೂ ಒಳ್ಳೆಯದು.

ಭಾರತದಲ್ಲೂ ಈ ಕೆಲಸ ನಡೆದಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಬ್ಯಾಸಿಲಸ್ ಸೀರಿಯಸ್‌ನಿಂದ ಈ ಕಿಣ್ವ ಉತ್ಪಾದಿಸಿದ ವಿವರ 1993ರಲ್ಲಿ ಪ್ರಕಟವಾಯಿತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ತಂಡ ಬ್ಯಾಸಿಲಸ್ ಫರ್ಮಸ್‌ನಿಂದ, ಬೇಯಿಸದ ಹಸಿ ಪಿಷ್ಟದ ಮೇಲೂ ಕೆಲಸ ಮಾಡುವ ಕಿಣ್ವವನ್ನು ಶುದ್ಧೀಕರಿಸಿ 1999ರಲ್ಲಿ ವರದಿ ಮಾಡಿತು. ಹಸಿ ಪಿಷ್ಟದ ಮಾತು ಸಣ್ಣದಲ್ಲ. ಪಿಷ್ಟವನ್ನು ಬೇಯಿಸಲು ಇಂಧನ ಬೇಕು, ಬೆಂದ ಮೇಲೆ ಅದು ಅಂಬಲಿಯಾಗಿ ಕಲಕಲು ಕಷ್ಟ. ಬೇಯಿಸುವ ಹಂತವೇ ತಪ್ಪಿದರೆ ಎರಡು ತಾಪತ್ರಯ ಒಟ್ಟಿಗೆ ತಪ್ಪುತ್ತವೆ.

ಅಳೆಯುವ ಬಗೆ

ಸಿಜಿಟೇಸ್ ಒಂದೇ ಕ್ರಿಯೆ ಮಾಡುವ ಕಿಣ್ವವಲ್ಲ. ಸರಪಳಿಯಿಂದ ಉಂಗುರ ಕಟ್ಟುತ್ತದೆ. ಕಟ್ಟಿದ ಉಂಗುರವನ್ನು ಬಿಚ್ಚಿ ಬೇರೊಂದು ಸಕ್ಕರೆಗೆ ಜೋಡಿಸುತ್ತದೆ. ಎರಡು ಸರಪಳಿಗಳ ನಡುವೆ ತುಂಡುಗಳನ್ನು ಅದಲುಬದಲು ಮಾಡುತ್ತದೆ. ಸ್ವಲ್ಪ ಮಟ್ಟಿಗೆ ಅಮೈಲೇಸಿನ ಹಾಗೆ ನೀರಿನಿಂದಲೂ ಒಡೆಯುತ್ತದೆ. ಈ ನಾಲ್ಕರ ವೇಗ ಒಂದೇ ಅಲ್ಲ. ಅದಲುಬದಲಿನ ಕ್ರಿಯೆ ಉಳಿದೆಲ್ಲಕ್ಕಿಂತ ಬಿರುಸು, ಜಲವಿಚ್ಛೇದನ ಮಂದ. ಹಾಗಾಗಿ ಕಿಣ್ವದ ಚಟುವಟಿಕೆ ಇಷ್ಟು ಯೂನಿಟ್ ಎಂದರೆ ಯಾವ ಕ್ರಿಯೆಯ ಯೂನಿಟ್ ಎಂಬ ಪ್ರಶ್ನೆ ಬೆನ್ನಿಗೇ ಇದೆ. ಈ ಕ್ಷೇತ್ರದ ಸಾಹಿತ್ಯದಲ್ಲಿ ಇಷ್ಟು ಗೊಂದಲ ತಂದ ವಿಷಯ ಇನ್ನೊಂದಿಲ್ಲ.

ಅತಿ ಸುಲಭದ ವಿಧಾನ ಅಯೋಡಿನ್ನಿನದು. ಪಿಷ್ಟದ ನೀಲಿ ಎಷ್ಟು ಬೇಗ ಮಾಸುತ್ತದೆ ಎಂದು ನೋಡುವುದು. ಮಾಸಿಸುವ ಕೆಲಸವನ್ನು ಸಾಮಾನ್ಯ ಅಮೈಲೇಸ್ ಕೂಡ ಸೊಗಸಾಗಿ ಮಾಡುತ್ತದೆ ಎಂಬುದೇ ಇದರ ದೋಷ. ಜೊತೆಗೆ ಅಪಕರ್ಷಕ ಸಕ್ಕರೆಯನ್ನೂ ಅಳೆದರೆ ವ್ಯತ್ಯಾಸ ಹೊರಬೀಳುತ್ತದೆ. ಅಮೈಲೇಸ್ ಬಂಧ ಮುರಿದಲ್ಲೆಲ್ಲ ಹೊಸ ಅಪಕರ್ಷಕ ತುದಿ ಹುಟ್ಟುತ್ತದೆ. ಉಂಗುರಕ್ಕೆ ತುದಿಯೇ ಇಲ್ಲ. ನೀಲಿ ಮಾಸಿಯೂ ಅಪಕರ್ಷಕ ಸಕ್ಕರೆ ಏರದಿದ್ದರೆ ಅಲ್ಲಿ ಸಿಜಿಟೇಸ್ ಇದೆ ಎಂದು ಶಂಕಿಸಬಹುದು.

ಉಂಗುರವನ್ನೇ ಅಳೆಯಲು ಬಣ್ಣಗಳ ಮೊರೆ ಹೋಗಬೇಕು. ಕ್ಷಾರದಲ್ಲಿ ಗುಲಾಬಿಯಾದ ಫಿನಾಲ್ಫ್‌ಥಲೀನನ್ನು ಬೀಟಾ ತನ್ನ ಪೊಳ್ಳಿಗೆ ಸೆಳೆದುಕೊಂಡು ಬಣ್ಣಗೆಡಿಸುತ್ತದೆ. 550 ನ್ಯಾನೋಮೀಟರ್‌ನಲ್ಲಿ ಬಣ್ಣ ಕುಗ್ಗಿದಷ್ಟೂ ಬೀಟಾ ಹೆಚ್ಚು. ಆಲ್ಫಾಗೆ ಆಮ್ಲೀಯ ಮೀಥೈಲ್ ಆರೆಂಜ್, ಗಾಮಾಗೆ ಬ್ರೋಮೋಕ್ರೆಸಾಲ್ ಗ್ರೀನ್. ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್ ಬೀಟಾ ಹುಟ್ಟಿಸುವಷ್ಟು ಕಿಣ್ವವನ್ನು ಒಂದು ಯೂನಿಟ್ ಎನ್ನುವುದು ವಾಡಿಕೆ. ಮೂರನ್ನೂ ಬಿಡಿಬಿಡಿಯಾಗಿ ಎಣಿಸಬೇಕಾದರೆ ಎಚ್‌ಪಿಎಲ್‌ಸಿ ಯಂತ್ರ ಬೇಕೇ ಬೇಕು.

ಶುದ್ಧೀಕರಣ

ಸಿಜಿಟೇಸ್ ಜೀವಕೋಶದ ಹೊರಗೆ ಬರುವ ಕಿಣ್ವ. ಕೋಶಗಳನ್ನು ಒಡೆಯುವ ರಗಳೆ ಇಲ್ಲ. ದ್ರವವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕೋಶಗಳನ್ನು ತಳಕ್ಕಿಳಿಸಿದರೆ ಮೇಲಿನ ತಿಳಿಯಲ್ಲಿ ಕಿಣ್ವ ಇರುತ್ತದೆ. ಆ ತಿಳಿಗೆ ಅಮೋನಿಯಂ ಸಲ್ಫೇಟ್ ಬೆರೆಸಿ ಪ್ರೋಟೀನುಗಳನ್ನು ಒತ್ತರಿಸಿ, ಬಫರಿನಲ್ಲಿ ಕರಗಿಸಿ, ಡಯಾಲಿಸಿಸ್‌ನಿಂದ ಉಪ್ಪು ತೆಗೆಯುವುದು ಹಳೆಯ ಮೊದಲ ಹೆಜ್ಜೆ. ಮುಂದೆ ಡಿಇಎಇ ಸೆಲ್ಯುಲೋಸಿನಂಥ ಅಯಾನು ವಿನಿಮಯ ಕಾಲಂ, ಆಮೇಲೆ ಗಾತ್ರದ ಮೇಲೆ ಬೇರ್ಪಡಿಸುವ ಜೆಲ್ ಕಾಲಂ. ಇಷ್ಟು ಯಾವ ಕಿಣ್ವಕ್ಕಾದರೂ ಅನ್ವಯಿಸುವ ಪಾಠ.

ಸಿಜಿಟೇಸಿಗೇ ವಿಶೇಷವಾದದ್ದು, ಅದು ತನ್ನ ಆಹಾರವನ್ನು ಬಿಡದೆ ಹಿಡಿಯುವ ಗುಣ. ತಣ್ಣಗಿನ ತಿಳಿಗೆ ಮೆಕ್ಕೆಜೋಳದ ಹಸಿ ಪಿಷ್ಟ ಮತ್ತು ಒಂದಿಷ್ಟು ಅಮೋನಿಯಂ ಸಲ್ಫೇಟ್ ಹಾಕಿ ಕಲಕಿದರೆ ಕಿಣ್ವ ಪಿಷ್ಟದ ಕಣಗಳಿಗೆ ಅಂಟಿಕೊಳ್ಳುತ್ತದೆ. ತಂಪಿನಲ್ಲಿ ಹಿಡಿಯುತ್ತದೆಯೇ ಹೊರತು ಹೆಚ್ಚು ಜೀರ್ಣಿಸುವುದಿಲ್ಲ. ತಣ್ಣನೆಯ ಬಫರಿನಲ್ಲಿ ತೊಳೆದರೆ ಅಂಟದ ಪ್ರೋಟೀನುಗಳೆಲ್ಲ ಹೋಗುತ್ತವೆ. ಬೆಚ್ಚಗಿನ ಬಫರಿಗೆ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ಅಥವಾ ಮಾಲ್ಟೋಸ್ ಬೆರೆಸಿ ಕಿಣ್ವವನ್ನು ಬಿಡಿಸಿಕೊಳ್ಳಬಹುದು. ಅಡುಗೆಮನೆಯ ಸರಕಿನಿಂದ ಆಗುವ ಈ ಒಂದು ಹೆಜ್ಜೆ ಎಷ್ಟೋ ಸಲ ಎರಡು ದುಬಾರಿ ಕಾಲಂಗಳ ಕೆಲಸ ಮಾಡಿಬಿಡುತ್ತದೆ. ಬಡ ಪ್ರಯೋಗಶಾಲೆಗಳ ಪಾಲಿಗೆ ಇದಕ್ಕಿಂತ ಒಳ್ಳೆಯ ವಿಧಾನ ಕಾಣೆ. ಇದರದೇ ಸುಧಾರಿತ ರೂಪ ಒಲವಿನ ಕಾಲಂ: ಆಲ್ಫಾ ಅಥವಾ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ನನ್ನು ಎಪಾಕ್ಸಿ ಸೆಫರೋಸ್ ಮಣಿಗಳಿಗೆ ರಾಸಾಯನಿಕವಾಗಿ ಕಟ್ಟಿರುತ್ತಾರೆ. ಸಿಜಿಟೇಸ್ ಅಲ್ಲಿ ನಿಲ್ಲುತ್ತದೆ, ಉಳಿದವು ಹರಿದುಹೋಗುತ್ತವೆ, ಕೊನೆಗೆ ಸೈಕ್ಲೋಡೆಕ್ಸ್‌ಟ್ರಿನ್ ದ್ರಾವಣ ಹಾಯಿಸಿ ಅದನ್ನು ಇಳಿಸುತ್ತಾರೆ.

ಇಳಿಸಿದ ಮೇಲೆ ಒಂದು ಎಚ್ಚರ ಬೇಕು. ಕಿಣ್ವದ ಜೊತೆ ಬಂದ ಸೈಕ್ಲೋಡೆಕ್ಸ್‌ಟ್ರಿನ್ನನ್ನು ಡಯಾಲಿಸಿಸ್‌ನಿಂದಲೋ ಜೆಲ್ ಕಾಲಂನಿಂದಲೋ ಪೂರ್ತಿ ತೆಗೆಯದಿದ್ದರೆ ಅದು ಎರಡು ಕಡೆ ಕಾಟ ಕೊಡುತ್ತದೆ: ಬೀಟಾ ಮಾಪನದಲ್ಲಿ ಬಣ್ಣ ಮೊದಲೇ ಮಾಸಿರುತ್ತದೆ, ಉತ್ಪನ್ನವೇ ಕಿಣ್ವವನ್ನು ತಡೆಯುವುದರಿಂದ ವೇಗವೂ ಕಡಿಮೆ ಕಾಣುತ್ತದೆ.

ಶುದ್ಧೀಕರಣದ ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. ತಿಳಿಯಲ್ಲಿ 500 ಮಿಲಿಗ್ರಾಂ ಪ್ರೋಟೀನ್, 1,000 ಯೂನಿಟ್ ಚಟುವಟಿಕೆ ಇದೆ ಎನ್ನಿ. ವಿಶಿಷ್ಟ ಚಟುವಟಿಕೆ ಮಿಲಿಗ್ರಾಂಗೆ 2 ಯೂನಿಟ್. ಕೊನೆಯ ಕಾಲಂ ದಾಟಿದ ಮೇಲೆ 5 ಮಿಲಿಗ್ರಾಂ ಪ್ರೋಟೀನ್, 600 ಯೂನಿಟ್ ಉಳಿದರೆ ವಿಶಿಷ್ಟ ಚಟುವಟಿಕೆ 120. ಅಂದರೆ ಶುದ್ಧತೆ 60 ಪಟ್ಟು ಏರಿದೆ, ಕಿಣ್ವದ 60 ಶೇಕಡಾ ಕೈಗೆ ಸಿಕ್ಕಿದೆ. ಈಗ ಇದೇ ತಿಳಿಯಲ್ಲಿ ಅಮೈಲೇಸ್ ಕೂಡ ಇದ್ದು, ಅಳೆದದ್ದು ಅಯೋಡಿನ್ ವಿಧಾನದಿಂದ ಎಂದಿಟ್ಟುಕೊಳ್ಳಿ. ಆ 1,000 ಯೂನಿಟ್‌ನಲ್ಲಿ ಒಂದು ಪಾಲು ಅಮೈಲೇಸಿನದು. ಅದನ್ನು ಕಳೆದುಕೊಂಡಾಗ ಲೆಕ್ಕದಲ್ಲಿ ನಷ್ಟ ಕಾಣುತ್ತದೆ, ನಿಜದಲ್ಲಿ ಸಿಜಿಟೇಸ್ ಹೋಗಿಯೇ ಇಲ್ಲದಿರಬಹುದು. ಇದರ ತಿರುವುಮುರುವೂ ಆಗುತ್ತದೆ: ತಿಳಿಯಲ್ಲಿದ್ದ ಪ್ರತಿಬಂಧಕ ಯಾವುದೋ ಹೆಜ್ಜೆಯಲ್ಲಿ ತೊಲಗಿ, ಇಳುವರಿ 100 ಶೇಕಡಾ ದಾಟಿದಂತೆ ತೋರುತ್ತದೆ. ಶುದ್ಧೀಕರಣ ಪಟ್ಟಿಯ ಅಂಕಿಗಳನ್ನು ಓದುವ ಮೊದಲು ಅವನ್ನು ಅಳೆದ ವಿಧಾನವನ್ನು ಓದಬೇಕು.

ಈಗೀಗ ಜೀನನ್ನು ಇ. ಕೋಲೈಗೋ ಬ್ಯಾಸಿಲಸ್ ಸಬ್ಟಿಲಿಸ್‌ಗೋ ಸೇರಿಸಿ, ಪ್ರೋಟೀನಿನ ಬಾಲಕ್ಕೆ ಆರು ಹಿಸ್ಟಿಡಿನ್ ಕಟ್ಟಿ, ನಿಕ್ಕೆಲ್ ಕಾಲಂ ಒಂದರಲ್ಲೇ ಕೆಲಸ ಮುಗಿಸುವುದು ರೂಢಿ. ಇ. ಕೋಲೈ ಒಳಗೆ ಕಿಣ್ವ ಸರಿಯಾಗಿ ಮಡಚಿಕೊಳ್ಳದೆ ಗಂಟುಗಟ್ಟುವುದೇ ಇಲ್ಲಿನ ದೊಡ್ಡ ತಲೆನೋವು. ಉಷ್ಣತೆ ಇಳಿಸುವುದು, ಮಾಧ್ಯಮಕ್ಕೆ ಗ್ಲೈಸಿನ್ ಸೇರಿಸಿ ಹೊರಸೂಸಿಕೆ ಹೆಚ್ಚಿಸುವುದು ಬಳಕೆಯಲ್ಲಿರುವ ಉಪಾಯಗಳು.

ಗುಣನಿರ್ಣಯ

ಎಸ್‌ಡಿಎಸ್ ಜೆಲ್‌ನಲ್ಲಿ ಒಂದೇ ಪಟ್ಟಿ ಬಂದರೆ ಕಿಣ್ವ ಶುದ್ಧವೆಂದು ಒಪ್ಪುತ್ತಾರೆ. ಹೆಚ್ಚಿನ ಸಿಜಿಟೇಸ್‌ಗಳು 70ರಿಂದ 80 ಕಿಲೋಡಾಲ್ಟನ್ ಆಸುಪಾಸಿನ ಒಂಟಿ ಸರಪಳಿಯ ಪ್ರೋಟೀನುಗಳು. ಗಾತ್ರ ಅಳೆಯುವ, ಸಕ್ಕರೆಯಿಂದಾದ ಜೆಲ್ ಕಾಲಂಗೆ ಕಿಣ್ವ ಅಂಟಿ ತಡವಾಗಿ ಇಳಿದರೆ ತೂಕ ನಿಜಕ್ಕಿಂತ ಕಡಿಮೆ ಬರುತ್ತದೆ, ಆದ್ದರಿಂದ ಎರಡು ವಿಧಾನಗಳಿಂದ ನೋಡುವುದು ಒಳ್ಳೆಯದು. ಪ್ರೋಟೀನನ್ನು ಕೆಡಿಸದ ಜೆಲ್ಲನ್ನು ಪಿಷ್ಟದಲ್ಲಿ ನೆನೆಸಿ ಅಯೋಡಿನ್ ಹಾಕಿದರೆ ಕಿಣ್ವವಿರುವ ಜಾಗ ತಿಳಿಯಾಗುತ್ತದೆ. ಅದೇ ಜಾಗ ಫಿನಾಲ್ಫ್‌ಥಲೀನ್ ಪರೀಕ್ಷೆಯಲ್ಲೂ ತಿಳಿಯಾದರೆ ಅದು ಅಮೈಲೇಸ್ ಅಲ್ಲ ಎಂಬುದು ಖಚಿತ. ಒಂದೇ ತಳಿಯಿಂದ ವಿದ್ಯುದಂಶ ಬೇರೆಬೇರೆಯಾದ ಹಲವು ರೂಪಗಳು ಬರುವುದೂ ಉಂಟು.

ಪಿಎಚ್ ಮತ್ತು ಉಷ್ಣತೆಯ ವಿಷಯದಲ್ಲಿ ತಳಿತಳಿಗೂ ಅಂತರವಿದೆ. ಹಲವು ಕಿಣ್ವಗಳಿಗೆ 50ರಿಂದ 65 ಡಿಗ್ರಿ, ಪಿಎಚ್ 5ರಿಂದ 9 ಹಿತ. ಹೋರಿಕೋಷಿಯ 38-2 ತಳಿಯ ಕಚ್ಚಾ ಕಿಣ್ವದಲ್ಲಿ ಆಮ್ಲ, ತಟಸ್ಥ, ಕ್ಷಾರ ಹೀಗೆ ಮೂರು ಪಿಎಚ್‌ಗಳಲ್ಲಿ ಚುರುಕಾದ ಕಿಣ್ವಗಳಿದ್ದವು. ಅತ್ಯುತ್ತಮ ಉಷ್ಣತೆ ಎಂಬ ಅಂಕಿ ಮಾತ್ರ ಅಷ್ಟು ನಂಬಿಕೆಗೆ ಅರ್ಹವಲ್ಲ. ಹತ್ತು ನಿಮಿಷದ ಪರೀಕ್ಷೆಯಲ್ಲಿ 65 ಡಿಗ್ರಿಯಲ್ಲಿ ಗೆದ್ದ ಕಿಣ್ವ ಒಂದು ಗಂಟೆಯ ಪರೀಕ್ಷೆಯಲ್ಲಿ ಅಲ್ಲೇ ಸೋಲಬಹುದು. ಕ್ಯಾಲ್ಸಿಯಂ ಅಯಾನು ಮತ್ತು ಪಿಷ್ಟ ಎರಡೂ ಕಿಣ್ವವನ್ನು ಬಿಸಿಯಿಂದ ಕಾಯುತ್ತವೆ. ಪಾದರಸ, ತಾಮ್ರ, ಬೆಳ್ಳಿಯ ಅಯಾನುಗಳು ಸಾಮಾನ್ಯವಾಗಿ ಕೆಡಿಸುತ್ತವೆ. ಪಿಷ್ಟದ ಅಣುತೂಕ ನಿಶ್ಚಿತವಲ್ಲದ ಕಾರಣ ಮೈಕೇಲಿಸ್ ಸ್ಥಿರಾಂಕವನ್ನು ಮೋಲಾರ್‌ನಲ್ಲಿ ಹೇಳದೆ ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ. ಆಲೂಗೆಡ್ಡೆ ಪಿಷ್ಟದಲ್ಲಿ ಬಂದ ಅಂಕಿಯನ್ನು ಮರಗೆಣಸಿನ ಪಿಷ್ಟದ್ದಕ್ಕೆ ಹೋಲಿಸುವಾಗ ಇದು ನೆನಪಿರಬೇಕು.

ಉತ್ಪನ್ನಗಳ ಪ್ರಮಾಣ ಹೊತ್ತಿನೊಂದಿಗೆ ಬದಲಾಗುತ್ತದೆ. ಮೆಸರಾನ್ಸ್‌ನ ಕಿಣ್ವ ಆರಂಭದಲ್ಲಿ ಹೆಚ್ಚಾಗಿ ಆಲ್ಫಾ ಕೊಡುತ್ತದೆ. ಕಾದಂತೆಲ್ಲ ಉಂಗುರಗಳು ಬಿಚ್ಚಿ ಮತ್ತೆ ಕಟ್ಟಿಕೊಂಡು ಬೀಟಾದ ಪಾಲು ಏರುತ್ತದೆ. ಆದ್ದರಿಂದ ಒಂದು ಕಿಣ್ವವನ್ನು ಆಲ್ಫಾ ಸಿಜಿಟೇಸ್, ಇನ್ನೊಂದನ್ನು ಬೀಟಾ ಸಿಜಿಟೇಸ್ ಎಂದು ಕರೆಯುವ ರೂಢಿ ಅನುಕೂಲಕ್ಕೆ ಮಾತ್ರ. ಎಷ್ಟು ಹೊತ್ತಿನ ಅಳತೆ ಎಂದು ಹೇಳದಿದ್ದರೆ ಆ ಹೆಸರಿಗೆ ಬೆಲೆ ಕಡಿಮೆ.

ರಚನೆ

ಕಿಣ್ವದ ಮೂರು ಆಯಾಮದ ರಚನೆಯನ್ನು ಬಿಡಿಸಿದವರಲ್ಲಿ ಜರ್ಮನಿಯ ಫ್ರೈಬರ್ಗ್ ಮತ್ತು ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್ ವಿಶ್ವವಿದ್ಯಾನಿಲಯದ ಗುಂಪುಗಳು ಪ್ರಮುಖ; ಎರಡೂ ಬ್ಯಾಸಿಲಸ್ ಸರ್ಕ್ಯುಲನ್ಸ್‌ನ ತಳಿಗಳ ಮೇಲೆ 1990ರ ದಶಕದಲ್ಲಿ ದುಡಿದವು. ಸರ್ಕ್ಯುಲನ್ಸ್ 251 ತಳಿಯ ಕಿಣ್ವದಲ್ಲಿ 686 ಅಮೈನೋ ಆಮ್ಲಗಳು ಎ ಇಂದ ಇ ವರೆಗಿನ ಐದು ಭಾಗಗಳಾಗಿ ಮಡಚಿಕೊಂಡಿವೆ. ಎ, ಬಿ ಭಾಗಗಳ ನಡುವಣ ಕಣಿವೆಯಲ್ಲಿ ಕ್ರಿಯೆ ನಡೆಯುತ್ತದೆ. ಹಸಿ ಪಿಷ್ಟವನ್ನು ಹಿಡಿಯುವುದು ಇ ಭಾಗ. ಶುದ್ಧೀಕರಣದಲ್ಲಿ ಕಿಣ್ವ ಮೆಕ್ಕೆಜೋಳದ ಪಿಷ್ಟಕ್ಕೆ ಅಂಟುವುದು ಮುಖ್ಯವಾಗಿ ಇದರ ದೆಸೆಯಿಂದ. 257ನೆಯ ಗ್ಲುಟಾಮಿಕ್ ಆಮ್ಲ ಪ್ರೋಟಾನ್ ಕೊಟ್ಟು ಬಂಧ ಮುರಿಯಲು ನೆರವಾಗುತ್ತದೆ, 229ನೆಯ ಆಸ್ಪಾರ್ಟಿಕ್ ಆಮ್ಲ ಕತ್ತರಿಸಿದ ಸರಪಳಿಯನ್ನು ಸಹವೇಲೆನ್ಸಿ ಬಂಧದಲ್ಲಿ ಹಿಡಿದುಕೊಳ್ಳುತ್ತದೆ. ಈ ನಡುಹಂತವನ್ನು ಗ್ರೋನಿಂಗೆನ್ ಗುಂಪು 1999ರಲ್ಲಿ ಹರಳಿನೊಳಗೆ ಕಂಡಿತು. ಆ ಹೊತ್ತಿನಲ್ಲಿ ಸರಪಳಿಯ ಇನ್ನೊಂದು ತುದಿ 195ನೆಯ ಟೈರೋಸಿನ್ನಿನ ಸುತ್ತ ಬಳಸಿ ಬಂದು ಕೂಡಿಕೊಂಡರೆ ಉಂಗುರ.

ಬಳಕೆ ಮತ್ತು ಉಳಿದಿರುವ ತೊಡಕು

ಕಾರ್ಖಾನೆಗೆ ಇಷ್ಟೆಲ್ಲ ಶುದ್ಧವಾದ ಕಿಣ್ವ ಬೇಡ. ತೆಳುಗೊಳಿಸಿದ ಪಿಷ್ಟಕ್ಕೆ ಸಾಧಾರಣ ಕಚ್ಚಾ ಕಿಣ್ವ ಹಾಕಿ, ಬೇಕಾದ ಉಂಗುರವನ್ನು ಮಾತ್ರ ಹಿಡಿದು ಒತ್ತರಿಸುವ ದ್ರಾವಕ ಸೇರಿಸುತ್ತಾರೆ: ಆಲ್ಫಾಗೆ ಡೆಕನಾಲ್, ಬೀಟಾಗೆ ಟಾಲುಯೀನ್. ಉತ್ಪನ್ನ ದ್ರಾವಣದಿಂದ ಹೊರಗೆ ಹೋಗುತ್ತಲೇ ಇರುವುದರಿಂದ ಕ್ರಿಯೆ ಮುಂದಕ್ಕೆ ಸಾಗುತ್ತದೆ, ಉತ್ಪನ್ನದ ತಡೆಯೂ ತಪ್ಪುತ್ತದೆ. ಆಹಾರ ಮತ್ತು ಔಷಧಕ್ಕಾದರೆ ದ್ರಾವಕದ ಕಡೆಯ ಕುರುಹನ್ನೂ ತೆಗೆಯಬೇಕು. ದ್ರಾವಕವಿಲ್ಲದ ವಿಧಾನದಲ್ಲಿ ಆ ಚಿಂತೆಯಿಲ್ಲ, ಇಳುವರಿ ಕಡಿಮೆ. ಈ ಉಂಗುರಗಳ ರೂಪಾಂತರಗಳು ಇಂದು ಆಸ್ಪತ್ರೆಗಳಲ್ಲಿ ದಿನನಿತ್ಯದ ಬಳಕೆಯಲ್ಲಿವೆ: ಅರಿವಳಿಕೆಯ ನಂತರ ಸ್ನಾಯು ಸಡಿಲಿಸುವ ಔಷಧಿಯನ್ನು ಹಿಡಿದು ನಿಷ್ಕ್ರಿಯಗೊಳಿಸುವ ಸುಗಮಡೆಕ್ಸ್ ಗಾಮಾದಿಂದಾದದ್ದು, ಕೋವಿಡ್ ಕಾಲದಲ್ಲಿ ಮನೆಮಾತಾದ ರೆಮ್ಡಿಸಿವಿರ್ ಚುಚ್ಚುಮದ್ದಿನಲ್ಲಿ ಔಷಧಿಯನ್ನು ಕರಗಿಸಿದ್ದು ಬೀಟಾದ ರೂಪಾಂತರ. ಕಿಣ್ವದ ವರ್ಗಾವಣೆ ಗುಣಕ್ಕೆ ಬೇರೆ ಗಿರಾಕಿಗಳೂ ಇದ್ದಾರೆ. ಸ್ಟೀವಿಯಾದ ಸಿಹಿಯಂಶಕ್ಕೆ ಇನ್ನಷ್ಟು ಗ್ಲೂಕೋಸ್ ಕೂಡಿಸಿ ಕಹಿ ತಗ್ಗಿಸಲು, ಸಿ ಜೀವಸತ್ವಕ್ಕೆ ಗ್ಲೂಕೋಸ್ ಜೋಡಿಸಿ ಅದನ್ನು ಬಾಳಿಕೆ ಬರುವಂತೆ ಮಾಡಲು ಇದೇ ಕಿಣ್ವ ಬೇಕು.

ಒಂದೇ ಒಂದು ಬಗೆಯ ಉಂಗುರ ಕೊಡುವ ಸಿಜಿಟೇಸ್ ಪ್ರಕೃತಿಯಲ್ಲಿ ಸಿಕ್ಕಿಲ್ಲ. ಬ್ಯಾಸಿಲಸ್ ಓಬೆನ್ಸಿಸ್‌ನ ಕಿಣ್ವದಲ್ಲಿ ನಡುಭಾಗದ ಟೈರೋಸಿನ್ ತೆಗೆದು ಟ್ರಿಪ್ಟೋಫಾನ್ ಇಟ್ಟಾಗ ಗಾಮಾದ ಪಾಲು ಏರಿತು. ಬೇರೆ ತಳಿಗಳಲ್ಲೂ ಇಂಥ ಬದಲಾವಣೆಗಳಿಂದ ಪ್ರಮಾಣ ಅತ್ತಿತ್ತ ಸರಿದಿದೆ. ಆದರೆ ಅಮೈನೋ ಆಮ್ಲ ಬದಲಿಸಿದ ಕಿಣ್ವಗಳಲ್ಲಿ ಒಟ್ಟು ವೇಗ ತಗ್ಗುವುದೂ ಜಲವಿಚ್ಛೇದನ ಹೆಚ್ಚುವುದೂ ಸಾಮಾನ್ಯ. ಮೂರು ಉಂಗುರಗಳ ಮಿಶ್ರಣದಿಂದ ಬೇಕಾದದ್ದನ್ನು ಬೇರ್ಪಡಿಸುವ ಖರ್ಚು ಗಾಮಾದ ಬೆಲೆಯನ್ನು ಇನ್ನೂ ಬೀಟಾದ್ದಕ್ಕಿಂತ ಬಹಳ ಮೇಲೆಯೇ ಇರಿಸಿದೆ.